ನವೆಂಬರ್‌ನಲ್ಲಿ ಕಾರ್ನೆಲ್: ಕಾಲೇಜು ಐಸ್ ಹಾಕಿ ತಂಡದ ಶುರುವಾತನ್ನು ಅಳೆಯುವುದು ಹೇಗೆ?

ಕಾಲೇಜು ಐಸ್ ಹಾಕಿ ಅಭಿಮಾನಿಗಳಿಗೆ ನವೆಂಬರ್ ಸುಲಭದ ತಿಂಗಳಲ್ಲ. ತಂಡ ಏಳೆಂಟು ಪಂದ್ಯ ಆಡಿರುತ್ತದೆ ಅಷ್ಟೆ. ನಾಲ್ಕು ಗೆಲುವು, ಮೂರು ಸೋಲು, ಒಂದು ಟೈ ಎಂದಿಟ್ಟುಕೊಳ್ಳಿ. ಅಷ್ಟರಲ್ಲೇ ಕೆಲವರು "ಈ ವರ್ಷ ಮುಗೀತು" ಅನ್ನುತ್ತಾರೆ. ಇನ್ನು ಕೆಲವರು "ಈಗಿನ್ನೂ ಶುರು, ಸುಮ್ನಿರಿ" ಅನ್ನುತ್ತಾರೆ. ಇಬ್ಬರ ಮಾತಲ್ಲೂ ಅರ್ಧ ಸತ್ಯ ಇದೆ. ಮೊದಲ ಹತ್ತು ಪಂದ್ಯಗಳ ಸೋಲು-ಗೆಲುವು ತಂಡ ಎಷ್ಟು ಒಳ್ಳೆಯದು ಎಂಬುದನ್ನು ಬಹಳ ಕಡಿಮೆ ಹೇಳುತ್ತದೆ. ಆದರೆ ಅದೇ ಸೋಲು-ಗೆಲುವು ಮಾರ್ಚ್‌ನಲ್ಲಿ ತಂಡದ ಹಣೆಬರಹವನ್ನು ಬಹಳ ಜಾಸ್ತಿ ತೀರ್ಮಾನಿಸುತ್ತದೆ. ಒಂದಕ್ಕೊಂದು ಎದುರಾದ ಮಾತಿನ ಹಾಗೆ ಕೇಳಿಸಬಹುದು. ಎರಡೂ ಹೇಗೆ ಒಟ್ಟಿಗೆ ನಿಜ ಎಂದು ನನ್ನ ತಂಡವಾದ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯವನ್ನು ಇಟ್ಟುಕೊಂಡೇ ಹೇಳುತ್ತೇನೆ.

ಹಾಕಿ ಅಂದರೆ ನಮಗೆ ಮೊದಲು ನೆನಪಾಗುವುದು ಕೊಡಗು, ಹುಲ್ಲಿನ ಮೈದಾನ, ಟರ್ಫ್. ಇದು ಬೇರೆ ಆಟ. ಮಂಜುಗಡ್ಡೆಯ ಮೇಲೆ ಸ್ಕೇಟ್ ಹಾಕಿಕೊಂಡು ಆಡುವುದು. ಚೆಂಡಿನ ಬದಲು ಚಪ್ಪಟೆ ರಬ್ಬರ್ ಪಕ್. ಪ್ರತಿ ತಂಡದಿಂದ ಐದು ಆಟಗಾರರು ಮತ್ತು ಒಬ್ಬ ಗೋಲ್‌ಕೀಪರ್. 20 ನಿಮಿಷದ ಮೂರು ಅವಧಿ. ಒಬ್ಬ ಆಟಗಾರ ಒಮ್ಮೆಗೆ ಮುಕ್ಕಾಲು ನಿಮಿಷದಷ್ಟು ಆಡಿ ಬೆಂಚಿಗೆ ಬರುತ್ತಾನೆ, ಆಟ ನಿಲ್ಲದೆಯೇ ಇನ್ನೊಬ್ಬ ಒಳಗೆ ಇಳಿಯುತ್ತಾನೆ. ಹಾಗಾಗಿ ಫಾರ್ವರ್ಡ್‌ಗಳು ಮೂರು ಮೂರು ಜನರ ನಾಲ್ಕು ಲೈನ್‌ಗಳಾಗಿ, ಡಿಫೆಂಡರ್‌ಗಳು ಮೂರು ಜೋಡಿಗಳಾಗಿ ಇರುತ್ತಾರೆ. ಯಾರು ಯಾರ ಜೊತೆ ಆಡಬೇಕು ಎಂದು ಕೋಚ್ ಹುಡುಕುತ್ತಾ ಇರುವ ಕಾಲವೇ ಸೀಸನ್‌ನ ಆರಂಭ.

ಕಾರ್ನೆಲ್ ಇರುವುದು ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನಲ್ಲಿ. ಅದರ ಮನೆ ಲೈನಾ ರಿಂಕ್. 1957ರಲ್ಲಿ ಶುರುವಾದ ಹಳೆಯ ಕಟ್ಟಡ, ನಾಲ್ಕು ಸಾವಿರ ಚಿಲ್ಲರೆ ಸೀಟು. ಎದುರಾಳಿ ಆಟಗಾರರ ಹೆಸರು ಕೂಗುವಾಗ ವಿದ್ಯಾರ್ಥಿಗಳೆಲ್ಲ ಪೇಪರ್ ಬಿಡಿಸಿ ಓದುತ್ತಾ ಕೂರುತ್ತಾರೆ. ಹಾರ್ವರ್ಡ್ ತಂಡ ಬಂದರೆ ಮಂಜಿನ ಮೇಲೆ ಮೀನು ಬೀಳುತ್ತದೆ. ಶುಕ್ರವಾರ ಸಂಜೆ ಏಳಕ್ಕೆ ಅಲ್ಲಿ ಪಂದ್ಯ ಶುರುವಾದಾಗ ಬೆಂಗಳೂರಿನಲ್ಲಿ ಶನಿವಾರ ಬೆಳಗ್ಗೆ ಐದೂವರೆ. ಕರ್ನಾಟಕದಿಂದ ಹೋಗಿ ಅಲ್ಲಿ ಓದಿ ಬಂದವರು ಈಗಲೂ ಆ ಹೊತ್ತಿಗೆ ಎದ್ದು ಸ್ಕೋರ್ ನೋಡುವುದು ಸುಮ್ನೆ ಅಲ್ಲ. ಆ ರಿಂಕ್‌ನ ಗದ್ದಲ ಒಮ್ಮೆ ಕಿವಿಗೆ ಬಿದ್ದರೆ ಬಿಟ್ಟುಹೋಗುವುದಿಲ್ಲ.

ಮೊದಲಿಗೆ ಕ್ಯಾಲೆಂಡರ್ ಗಮನಿಸಬೇಕು. ಅಮೆರಿಕದ ಮೊದಲ ದರ್ಜೆಯ ಕಾಲೇಜು ಹಾಕಿಯಲ್ಲಿ 60ಕ್ಕೂ ಹೆಚ್ಚು ತಂಡಗಳಿವೆ. ಬಹುತೇಕ ತಂಡಗಳು ಅಕ್ಟೋಬರ್ ಮೊದಲ ವಾರದಲ್ಲೇ ಆಡಲು ಶುರುಮಾಡುತ್ತವೆ. ಐವಿ ಲೀಗ್ ಅನ್ನುವ ಹಳೆಯ, ಹೆಸರಾಂತ ವಿಶ್ವವಿದ್ಯಾಲಯಗಳ ಕೂಟದ ನಿಯಮ ಬೇರೆ. ಕಾರ್ನೆಲ್, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಬ್ರೌನ್, ಡಾರ್ಟ್‌ಮತ್, ಈ ಆರೂ ತಂಡಗಳು ಮಂಜಿಗಿಳಿಯುವ ಹೊತ್ತಿಗೆ ಅಕ್ಟೋಬರ್ ಕೊನೆಯೋ ನವೆಂಬರ್ ಶುರುವೋ ಆಗಿರುತ್ತದೆ. ಬೇರೆಯವರು ಸಾಮಾನ್ಯ ಸೀಸನ್‌ನಲ್ಲಿ 34 ಪಂದ್ಯ ಆಡಬಹುದು, ಇವರಿಗೆ 29 ಮಾತ್ರ. ಕ್ರೀಡಾ ಸ್ಕಾಲರ್‌ಶಿಪ್ ಕೂಡ ಇಲ್ಲ. ಹಾಗಾಗಿ ಕಾರ್ನೆಲ್‌ನ ಮೊದಲ ಪಂದ್ಯ ಎದುರಾಳಿಗೆ ಏಳನೆಯದೋ ಎಂಟನೆಯದೋ ಆಗಿರುವುದು ಮಾಮೂಲಿ. ಅವರ ಲೈನ್‌ಗಳು ಕೂಡಿಕೊಂಡಿರುತ್ತವೆ, ನಮ್ಮವು ಇನ್ನೂ ಪರಿಚಯ ಮಾಡಿಕೊಳ್ಳುತ್ತಿರುತ್ತವೆ. ಮೊದಲ ವಾರಾಂತ್ಯದ ಸೋಲಿಗೆ ಅರ್ಧ ಕಾರಣ ಇಲ್ಲೇ ಇರುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಟೈಗಳನ್ನು ಬಿಟ್ಟುಬಿಡಿ. ನಿಜಕ್ಕೂ ಒಳ್ಳೆಯ ತಂಡ, ಅಂದರೆ ದೀರ್ಘ ಓಟದಲ್ಲಿ ನೂರಕ್ಕೆ 60 ಪಂದ್ಯ ಗೆಲ್ಲುವ ತಂಡ, ಎಂಟು ಪಂದ್ಯ ಆಡುತ್ತದೆ. ಅದು ನಾಲ್ಕೋ ಅದಕ್ಕಿಂತ ಕಡಿಮೆಯೋ ಗೆಲ್ಲುವ ಸಾಧ್ಯತೆ ಎಷ್ಟು? ಸುಮಾರು ನೂರಕ್ಕೆ 40. ಮೂರೋ ಅದಕ್ಕಿಂತ ಕಡಿಮೆಯೋ ಗೆಲ್ಲುವ ಸಾಧ್ಯತೆ ನೂರಕ್ಕೆ 17. ಅಂದರೆ ಅಂಥ ಆರು ಒಳ್ಳೆಯ ತಂಡಗಳಲ್ಲಿ ಒಂದು, ಯಾವ ತಪ್ಪೂ ಇಲ್ಲದೆ, ಬರೀ ಅದೃಷ್ಟ ಕೈಕೊಟ್ಟು 3-5ರಲ್ಲೋ ಅದಕ್ಕಿಂತ ಕೆಳಗೋ ನಿಂತಿರುತ್ತದೆ. ಅಭಿಮಾನಿಗಳು ಕೋಚ್‌ನನ್ನು ಬೈಯುತ್ತಿರುತ್ತಾರೆ.

ಹಾಕಿಯಲ್ಲಿ ಅದೃಷ್ಟಕ್ಕೆ ಇಷ್ಟು ಜಾಗ ಯಾಕೆ? ಗೋಲುಗಳು ಕಡಿಮೆ. ಒಂದು ತಂಡ ಪಂದ್ಯಕ್ಕೆ ಮೂವತ್ತರ ಆಸುಪಾಸು ಶಾಟ್ ಹೊಡೆದರೆ ಮೂರು ಒಳಗೆ ಹೋಗುತ್ತವೆ. ಪಕ್ ಯಾರದೋ ಸ್ಕೇಟ್‌ಗೆ ತಗುಲಿ ದಿಕ್ಕು ಬದಲಿಸಿದರೆ ಪಂದ್ಯವೇ ಬದಲಾಗುತ್ತದೆ. ಇಲ್ಲಿ ಅತಿ ದೊಡ್ಡ ಪಾತ್ರ ಗೋಲ್‌ಕೀಪರ್‌ನದು. ಅವನ ಕೆಲಸವನ್ನು ಸೇವ್ ಪರ್ಸೆಂಟೇಜ್‌ನಲ್ಲಿ ಅಳೆಯುತ್ತಾರೆ. ಬಂದ ಶಾಟ್‌ಗಳಲ್ಲಿ ಎಷ್ಟನ್ನು ತಡೆದ ಎಂಬ ಲೆಕ್ಕ ಅದು. 92 ಶೇಕಡಾ ತಡೆದರೆ ಬಹಳ ಒಳ್ಳೆಯವನು, 89 ಅಂದರೆ ತಲೆನೋವು. ನಡುವಿನ ಅಂತರ ಮೂರೇ ಮೂರು. ಆದರೆ ಪಂದ್ಯಕ್ಕೆ 30 ಶಾಟ್ ಅಂದರೆ ಆ ಮೂರು ಶೇಕಡಾ ಅನ್ನುವುದು ಹತ್ತಿರ ಹತ್ತಿರ ಪಂದ್ಯಕ್ಕೊಂದು ಗೋಲು. ಒಂದು ಗೋಲಿನಲ್ಲೇ ತೀರ್ಮಾನವಾಗುವ ಪಂದ್ಯಗಳು ಎಷ್ಟು ಅಂತ ನೋಡಿದರೆ ಇದರ ತೂಕ ಗೊತ್ತಾಗುತ್ತದೆ.

ಈಗ ತಿರುಗಿಸಿ ನೋಡಿ. ಎಂಟು ಪಂದ್ಯದಲ್ಲಿ, ಪಂದ್ಯಕ್ಕೆ 28ರಂತೆ, 224 ಶಾಟ್ ಬಂದಿವೆ. 92ಕ್ಕೂ 89ಕ್ಕೂ ನಡುವಿನ ವ್ಯತ್ಯಾಸ ಇಲ್ಲಿ ಏಳು ಶಾಟ್‌ಗೂ ಕಡಿಮೆ. ಡಿಫೆಂಡರ್‌ನ ಕಾಲಿಗೆ ತಾಗಿ ಒಳಗೆ ಹೋದದ್ದು ಎರಡು, ಎದುರಿಗೆ ಯಾರೋ ನಿಂತು ಕಾಣದೇ ಹೋದದ್ದು ಎರಡು, ಅವನೇ ಬಿಟ್ಟದ್ದು ಎರಡು. ಮುಗಿಯಿತು, ಒಳ್ಳೆಯ ಗೋಲ್‌ಕೀಪರ್ ಕೆಟ್ಟವನಾಗಿ ಕಾಣುತ್ತಾನೆ. ಹಾಗಾಗಿ ನವೆಂಬರ್‌ನಲ್ಲಿ ಅವನ ಅಂಕಿಗಿಂತ ಅವನ ಹಿಂದಿನ ವರ್ಷಗಳ ಅಂಕಿಯನ್ನು ನಾನು ಜಾಸ್ತಿ ನಂಬುತ್ತೇನೆ. ಹೊಸ ಹುಡುಗನಾಗಿದ್ದರೆ ಕಾಯುವುದು ಬಿಟ್ಟು ಬೇರೆ ದಾರಿ ಇಲ್ಲ.

ಇದನ್ನೇ ಇಡೀ ತಂಡಕ್ಕೆ ಅನ್ವಯಿಸುವ ಒಂದು ಸರಳ ಅಳತೆ ಇದೆ. ಹಾಕಿ ಲೆಕ್ಕಿಗರು ಅದನ್ನು ಪಿಡಿಒ ಅನ್ನುತ್ತಾರೆ. ತಂಡ ಹೊಡೆದ ಶಾಟ್‌ಗಳಲ್ಲಿ ಎಷ್ಟು ಶೇಕಡಾ ಗೋಲಾದವು, ಎದುರಾಳಿಯ ಶಾಟ್‌ಗಳಲ್ಲಿ ಎಷ್ಟು ಶೇಕಡಾ ತಡೆದೆವು, ಇವೆರಡನ್ನೂ ಕೂಡಿಸಿ. ಎಲ್ಲ ತಂಡಗಳ ಸರಾಸರಿ ತೆಗೆದರೆ 100 ಬರಲೇಬೇಕು. ಒಂದು ತಂಡ 105ರಲ್ಲಿದ್ದರೆ ಅದು ಬಹಳ ಕಾಲ ಅಲ್ಲಿ ಉಳಿಯುವುದಿಲ್ಲ. 95ರಲ್ಲಿದ್ದರೆ ಬಹಳ ಕಾಲ ಅಲ್ಲೇ ಬಿದ್ದಿರುವುದೂ ಇಲ್ಲ. ಒಳ್ಳೆಯ ಗೋಲ್‌ಕೀಪರ್ ಇರುವ ತಂಡ ಸ್ವಲ್ಪ ಮೇಲೆ ನಿಲ್ಲುತ್ತದೆ, ಅಷ್ಟೆ. ಆರು ಪಂದ್ಯ ಗೆದ್ದ ತಂಡದ ಪಿಡಿಒ 106 ಅಂತ ಕಂಡರೆ ನಾನು ಕುಣಿಯುವುದಿಲ್ಲ.

ಹಾಗಾದರೆ ಬೇಗ ನಂಬಬಹುದಾದ ಅಂಕಿ ಯಾವುದು? ಶಾಟ್ ಪ್ರಯತ್ನಗಳ ಪಾಲು. ಗೋಲಿಗೆ ಹೋದದ್ದು, ಪಕ್ಕಕ್ಕೆ ಹೋದದ್ದು, ದಾರಿಯಲ್ಲಿ ಯಾರೋ ತಡೆದದ್ದು, ಎಲ್ಲ ಸೇರಿಸಿ ಎರಡೂ ಕಡೆಯ ಪ್ರಯತ್ನಗಳಲ್ಲಿ ನಮ್ಮದು ಎಷ್ಟು ಎಂದು ನೋಡುವುದು. ಒಂದು ಪಂದ್ಯದಲ್ಲಿ ಇಂಥ ಪ್ರಯತ್ನಗಳು ನೂರು ದಾಟುತ್ತವೆ. ಗೋಲುಗಳು ಐದೋ ಆರೋ. ಎಣಿಸಲು ಜಾಸ್ತಿ ಇರುವಲ್ಲಿ ಸತ್ಯ ಬೇಗ ಹೊರಬರುತ್ತದೆ. ಪಕ್ ಯಾರ ಬಳಿ ಹೆಚ್ಚು ಹೊತ್ತು ಇತ್ತು, ಆಟ ಯಾರ ಅಂಗಳದಲ್ಲಿ ನಡೆಯಿತು ಎಂಬುದು ಇದರಲ್ಲಿ ಕಾಣುತ್ತದೆ. ಎಚ್ಚರ ಒಂದೇ. ಎರಡು ಗೋಲು ಮುಂದಿರುವ ತಂಡ ಹಿಂದೆ ಸರಿದು ಕಾಯುತ್ತದೆ, ಹಿಂದಿರುವ ತಂಡ ಸಿಕ್ಕಲ್ಲಿಂದ ಹೊಡೆಯುತ್ತದೆ. ಆದ್ದರಿಂದ ಸ್ಕೋರ್ ಸಮವಾಗಿದ್ದಾಗಿನ ಆಟವನ್ನು ಬೇರೆಯಾಗಿ ನೋಡಬೇಕು. ಐದು ಜನರ ಎದುರು ಐದು ಜನ ಇದ್ದಾಗಿನದನ್ನು ಮಾತ್ರ.

ಯಾಕೆಂದರೆ ಹಾಕಿಯ ಪವರ್‌ಪ್ಲೇ ಬೇರೆಯೇ ಪ್ರಪಂಚ. ಕ್ರಿಕೆಟ್‌ನದ್ದಲ್ಲ ಇದು. ತಪ್ಪು ಮಾಡಿದ ಆಟಗಾರ ಎರಡು ನಿಮಿಷ ಹೊರಗೆ ಕೂರುತ್ತಾನೆ, ಆಗ ಎದುರಾಳಿಗೆ ಒಬ್ಬ ಹೆಚ್ಚು. ಐದು ಅವಕಾಶದಲ್ಲಿ ಒಂದನ್ನು ಗೋಲು ಮಾಡುವ ತಂಡ ಪರವಾಗಿಲ್ಲ, ನಾಲ್ಕರಲ್ಲಿ ಒಂದು ಮಾಡಿದರೆ ಬಹಳ ಒಳ್ಳೆಯದು. ಪಂದ್ಯಕ್ಕೆ ನಾಲ್ಕರಂತೆ ಎಂಟು ಪಂದ್ಯದಲ್ಲಿ 32 ಅವಕಾಶ. ಎಂಟು ಗೋಲು ಬಂದರೆ 25 ಶೇಕಡಾ, "ದೇಶದಲ್ಲೇ ಒಳ್ಳೆಯ ಪವರ್‌ಪ್ಲೇ" ಅಂತ ಹೊಗಳಿಕೆ. ಐದು ಬಂದರೆ 16ಕ್ಕೂ ಕಡಿಮೆ, "ಕೋಚ್ ಏನು ಮಾಡ್ತಿದ್ದಾರೆ?" ಎಂಬ ಪ್ರಶ್ನೆ. ನಡುವೆ ಇರುವುದು ಮೂರೇ ಗೋಲು. ಇಲ್ಲಿ ಅಂಕಿ ಬಿಟ್ಟು ಕಣ್ಣು ಬಳಸುವುದೇ ವಾಸಿ. ಎದುರಾಳಿಯ ಅಂಗಳಕ್ಕೆ ಪಕ್ ಸಲೀಸಾಗಿ ಒಯ್ಯುತ್ತಿದ್ದಾರಾ, ಒಳಗೆ ಹೋದ ಮೇಲೆ ಪಾಸ್ ಬೇಗ ಬೇಗ ಓಡಾಡುತ್ತಿದೆಯಾ, ಅಥವಾ ಎರಡು ನಿಮಿಷದಲ್ಲಿ ಒಂದೂವರೆ ನಿಮಿಷ ಪಕ್ ಹಿಂದಕ್ಕೆ ತರುವುದರಲ್ಲೇ ಕಳೆಯುತ್ತಿದೆಯಾ. ಮೊದಲನೆಯದಾದರೆ ಗೋಲು ಇವತ್ತಲ್ಲ ನಾಳೆ ಬರುತ್ತದೆ.

ಇಷ್ಟು ಲೆಕ್ಕ ಸುಮ್ನೆ ಕಾಗದದ್ದಲ್ಲ. 2024-25ರ ಸೀಸನ್ ನೋಡಿ. ಪೆನ್ ಸ್ಟೇಟ್ ತಂಡ ಬಿಗ್ ಟೆನ್ ಲೀಗ್‌ನ ಮೊದಲ ಎಂಟು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಏಪ್ರಿಲ್‌ನಲ್ಲಿ ಅದು ತನ್ನ ಚರಿತ್ರೆಯಲ್ಲೇ ಮೊದಲ ಸಲ ಫ್ರೋಜನ್ ಫೋರ್‌ನಲ್ಲಿ, ಅಂದರೆ ದೇಶದ ಕೊನೆಯ ನಾಲ್ಕರಲ್ಲಿ ಇತ್ತು. ಬಾಸ್ಟನ್ ಯೂನಿವರ್ಸಿಟಿಯದು ಇನ್ನೂ ಚೆನ್ನಾಗಿರುವ ಉದಾಹರಣೆ. ಸೀಸನ್‌ನ ಮೊದಲರ್ಧ ಏರುಪೇರು. ಜನವರಿಯಲ್ಲಿ ಮಿಖಾಯಿಲ್ ಯೆಗೊರೊವ್ ಎಂಬ ಹೊಸ ಗೋಲ್‌ಕೀಪರ್ ಸೀಸನ್ ನಡುವೆಯೇ ಬಂದು ಸೇರಿದ. ತಂಡ ಬಾಸ್ಟನ್‌ನ ನಾಲ್ಕು ಕಾಲೇಜುಗಳ ಟೂರ್ನಿಯಾದ ಬೀನ್‌ಪಾಟ್ ಗೆದ್ದಿತು, ರಾಷ್ಟ್ರೀಯ ಫೈನಲ್‌ಗೂ ಹೋಯಿತು. ನವೆಂಬರ್‌ನಲ್ಲಿ ಆ ತಂಡವನ್ನು ಅಳೆದವರು ಇಲ್ಲದ ಗೋಲ್‌ಕೀಪರ್‌ನನ್ನು ಹೇಗೆ ಅಳೆಯಬೇಕಿತ್ತು, ಹೇಳಿ. ಇನ್ನೊಂದು ತುದಿಯಲ್ಲಿ ಡೆನ್ವರ್. ಸತತ 12 ಗೆಲುವಿನೊಂದಿಗೆ ಶುರು. ಕೊನೆಗೆ ಸೆಮಿಫೈನಲ್‌ನಲ್ಲಿ ವೆಸ್ಟರ್ನ್ ಮಿಷಿಗನ್ ಎದುರು ಎರಡನೇ ಅಧಿಕ ಅವಧಿಯಲ್ಲಿ 3-2ರ ಸೋಲು. ಆ ವೆಸ್ಟರ್ನ್ ಮಿಷಿಗನ್ ಫೈನಲ್‌ನಲ್ಲಿ ಬಾಸ್ಟನ್ ಯೂನಿವರ್ಸಿಟಿಯನ್ನು 6-2ರಿಂದ ಸೋಲಿಸಿ ಮೊದಲ ಬಾರಿ ಚಾಂಪಿಯನ್ ಆಯಿತು.

ಕಾರ್ನೆಲ್‌ನ ಹಳೆಯ ಕಥೆಯಲ್ಲೂ ಇದೇ ಪಾಠ ಸಿಗುತ್ತದೆ. ಮುಂದೆ ಮಾಂಟ್ರಿಯಲ್ ತಂಡದಲ್ಲಿ ದೊಡ್ಡ ಹೆಸರಾದ ಕೆನ್ ಡ್ರೈಡನ್ 1966ರಿಂದ 1969ರವರೆಗೆ ಇಲ್ಲಿ ಗೋಲ್‌ಕೀಪರ್. ಮೂರು ವರ್ಷದಲ್ಲಿ 76 ಗೆಲುವು, ನಾಲ್ಕು ಸೋಲು, ಒಂದು ಟೈ. 1967ರ ರಾಷ್ಟ್ರೀಯ ಕಪ್ ಕೂಡ. ಅಂಥವನು ಓದು ಮುಗಿಸಿ ಹೋದ ಮೇಲಿನ ಶರತ್ಕಾಲದಲ್ಲಿ ಯಾರಾದರೂ ಈ ತಂಡ ಇನ್ನೂ ಮೇಲೇರುತ್ತದೆ ಅನ್ನುತ್ತಿದ್ದರಾ? ನೆಡ್ ಹಾರ್ಕ್‌ನೆಸ್ ಕೋಚ್ ಆಗಿದ್ದ ಆ 1969-70ರ ತಂಡ 29 ಪಂದ್ಯ ಆಡಿ 29ನ್ನೂ ಗೆದ್ದಿತು. ಒಂದೂ ಸೋಲದೆ, ಒಂದೂ ಟೈ ಆಗದೆ ರಾಷ್ಟ್ರೀಯ ಚಾಂಪಿಯನ್ ಆದ ಮೊದಲ ದರ್ಜೆಯ ಪುರುಷರ ತಂಡ ಇವತ್ತಿಗೂ ಅದೊಂದೇ.

ಇಲ್ಲಿಯವರೆಗೆ "ಸುಮ್ನಿರಿ" ಅನ್ನುವವರ ಪರವಾಗಿ ಮಾತಾಡಿದೆ. ಈಗ ಇನ್ನೊಂದು ಕಡೆ.

ರಾಷ್ಟ್ರೀಯ ಟೂರ್ನಿಗೆ ಹೋಗುವುದು 16 ತಂಡ. ಆರು ಲೀಗ್‌ಗಳಿವೆ, ಒಂದೊಂದರ ಟೂರ್ನಿ ಗೆದ್ದ ತಂಡಕ್ಕೆ ನೇರ ಪ್ರವೇಶ. ಉಳಿದ ಹತ್ತು ಜಾಗಗಳನ್ನು ಗಣಿತ ತುಂಬುತ್ತದೆ. 2024-25ರವರೆಗೆ ಪೇರ್‌ವೈಸ್ ಎಂಬ ಪದ್ಧತಿ ಇತ್ತು, 2025-26ರಿಂದ ಎನ್‌ಪಿಐ ಎಂಬ ಸೂಚ್ಯಂಕ ಬಂದಿದೆ. ಎರಡರ ಒಳಗಿನ ಯೋಚನೆ ಹೆಚ್ಚುಕಡಿಮೆ ಒಂದೇ. ನೀವೆಷ್ಟು ಗೆದ್ದಿರಿ ಎನ್ನುವುದಕ್ಕಿಂತ, ನೀವು ಆಡಿದ ತಂಡಗಳು ಎಷ್ಟು ಬಲಶಾಲಿ ಎನ್ನುವುದಕ್ಕೆ ಜಾಸ್ತಿ ತೂಕ. ಹೊರಗಿನ ಊರಲ್ಲಿ ಗೆದ್ದರೆ ಬೆಲೆ ಹೆಚ್ಚು, ಮನೆಯಲ್ಲಿ ಗೆದ್ದರೆ ಸ್ವಲ್ಪ ಕಡಿಮೆ. ಅಧಿಕ ಸಮಯದಲ್ಲಿ ಮೂವರ ಎದುರು ಮೂವರು ಆಡಿ ಬಂದ ಗೆಲುವಿಗೆ ಪೂರ್ಣ ಗೆಲುವಿನ ಬೆಲೆ ಇಲ್ಲ. ಮತಗಳು, ಪತ್ರಕರ್ತರ ಶ್ರೇಯಾಂಕ ಪಟ್ಟಿ ಯಾವುದಕ್ಕೂ ಇಲ್ಲಿ ಕೆಲಸ ಇಲ್ಲ. ಅಕ್ಟೋಬರ್‌ನ ಪಂದ್ಯಕ್ಕೂ ಫೆಬ್ರವರಿಯ ಪಂದ್ಯಕ್ಕೂ ಒಂದೇ ತೂಕ. "ಆಗ ನಾವಿನ್ನೂ ಹೊಂದಿಕೊಳ್ಳುತ್ತಿದ್ದೆವು" ಎಂಬ ಮಾತು ಗಣಿತಕ್ಕೆ ಕೇಳಿಸುವುದಿಲ್ಲ.

ಇದರ ಒಳಸುಳಿ ಇಲ್ಲಿದೆ. ಕಾರ್ನೆಲ್ ಇರುವ ಇಸಿಎಸಿ ಲೀಗ್‌ನಲ್ಲಿ 12 ತಂಡ. ಪ್ರತಿಯೊಬ್ಬರ ಎದುರೂ ಎರಡೆರಡು ಸಲ, ಒಟ್ಟು 22 ಲೀಗ್ ಪಂದ್ಯ. ಲೀಗ್ ಒಳಗೆ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು. ಒಂದೇ ಮನೆಯ ಅಣ್ಣತಮ್ಮಂದಿರು ತಮ್ಮೊಳಗೇ ದುಡ್ಡು ಕೊಟ್ಟು ತೆಗೆದುಕೊಂಡರೆ ಮನೆಯ ಆಸ್ತಿ ಬೆಳೆಯುವುದಿಲ್ಲವಲ್ಲ, ಹಾಗೆ. ಆಸ್ತಿ ಬರಬೇಕಾದರೆ ಹೊರಗಿನಿಂದ ಬರಬೇಕು. ಲೀಗ್ ಹೊರಗಿನ ಪಂದ್ಯಗಳಲ್ಲಿ ಹೆಚ್ಚಿನವು ನಡೆಯುವುದು ಅಕ್ಟೋಬರ್, ನವೆಂಬರ್, ಡಿಸೆಂಬರ್‌ನಲ್ಲಿ. ಅಷ್ಟು ದಿನಗಳಲ್ಲಿ ಇಸಿಎಸಿ ತಂಡಗಳು ಹಾಕಿ ಈಸ್ಟ್, ಬಿಗ್ ಟೆನ್, ಎನ್‌ಸಿಎಚ್‌ಸಿ ಎಂಬ ಬೇರೆ ಲೀಗ್‌ಗಳ ತಂಡಗಳ ಎದುರು ಸೋತರೆ, ಇಡೀ ಲೀಗ್‌ನ ಬೆಲೆ ಇಳಿಯುತ್ತದೆ. ಜನವರಿಯ ನಂತರ ಲೀಗ್ ಒಳಗೆ ಎಷ್ಟು ಗೆದ್ದರೂ, ಬೆಲೆ ಕಡಿಮೆ ಇರುವವರನ್ನೇ ಗೆದ್ದಂತೆ.

2025ರ 16 ತಂಡಗಳ ಪಟ್ಟಿ ಇದನ್ನು ಚೊಕ್ಕವಾಗಿ ತೋರಿಸಿತು. 11 ತಂಡಗಳ ಹಾಕಿ ಈಸ್ಟ್‌ನಿಂದ ಆರು ತಂಡ. 12 ತಂಡಗಳ ಇಸಿಎಸಿಯಿಂದ ಎರಡೇ, ಕ್ವಿನಿಪಿಯಾಕ್ ಮತ್ತು ಕಾರ್ನೆಲ್. ಅದರಲ್ಲಿ ಕಾರ್ನೆಲ್ ಹೋದದ್ದು ನೇರ ಪ್ರವೇಶದಿಂದ. ಹಾಗಂತ ಇಸಿಎಸಿ ತಂಡಗಳು ದುರ್ಬಲ ಅನ್ನುವ ಹಾಗೂ ಇಲ್ಲ. 2013ರಲ್ಲಿ ಯೇಲ್, 2014ರಲ್ಲಿ ಯೂನಿಯನ್, 2023ರಲ್ಲಿ ಕ್ವಿನಿಪಿಯಾಕ್ ರಾಷ್ಟ್ರೀಯ ಚಾಂಪಿಯನ್ ಆಗಿವೆ. ಒಳಗೆ ಹೋದರೆ ಗೆಲ್ಲುತ್ತಾರೆ. ಕಷ್ಟ ಇರುವುದು ಒಳಗೆ ಹೋಗುವುದರಲ್ಲಿ.

ಐವಿ ತಂಡಗಳಿಗೆ ಇದರಲ್ಲಿ ಇನ್ನೊಂದು ತೊಡಕು. 29ರಲ್ಲಿ 22 ಲೀಗ್‌ಗೆ ಹೋದರೆ ಹೊರಗಿನವರ ಎದುರು ಉಳಿಯುವುದು ಏಳು ಪಂದ್ಯ. ಬೇರೆಯವರಿಗೆ ಹತ್ತು ಹನ್ನೆರಡು. ಏಳರಲ್ಲಿ ಎರಡು ಕೈತಪ್ಪಿದರೆ ಸರಿಪಡಿಸಲು ಜಾಗ ಇಲ್ಲ. ಅದರ ಮೇಲೆ, ಕಾರ್ನೆಲ್ ಆಡಲು ಶುರುಮಾಡುವ ಮುಂಚೆಯೇ ಲೀಗ್‌ನ ಐವಿಯಲ್ಲದ ಆರು ತಂಡಗಳು ಅಕ್ಟೋಬರ್ ಪೂರ್ತಿ ಹೊರಗಿನವರ ಎದುರು ಆಡಿರುತ್ತವೆ. ನಮ್ಮ ಮಾರ್ಚ್‌ನ ಒಂದು ಭಾಗವನ್ನು ಕ್ಲಾರ್ಕ್‌ಸನ್, ಕೋಲ್ಗೇಟ್, ಸೇಂಟ್ ಲಾರೆನ್ಸ್‌ಗಳು ನಾವು ರಿಂಕ್‌ಗೆ ಕಾಲಿಡುವ ಮುಂಚೆಯೇ ಬರೆದಿರುತ್ತವೆ. ಅದಕ್ಕೇ ಅಕ್ಟೋಬರ್‌ನಲ್ಲಿ ನಾನು ಬದ್ಧ ಎದುರಾಳಿಗಳ ಗೆಲುವಿಗೆ ಮನಸಾರೆ ಹಾರೈಸುತ್ತೇನೆ. ಲೀಗ್ ಪಂದ್ಯ ಶುರುವಾದ ಮೇಲೆ ಆ ಹಾರೈಕೆ ಇರುವುದಿಲ್ಲ ಬಿಡಿ.

2024-25ರ ಕಾರ್ನೆಲ್‌ನಲ್ಲಿ ಈ ಎರಡೂ ಸತ್ಯ ಒಟ್ಟಿಗೆ ಕಂಡವು. ಕೋಚ್ ಮೈಕ್ ಶೇಫರ್ ಅವರದು ಅದು 30ನೇ ಮತ್ತು ಕೊನೆಯ ಸೀಸನ್. ಹಿಂದಿನ ವರ್ಷ ಲೀಗ್ ಟೂರ್ನಿ ಗೆದ್ದ ತಂಡ, ಗೋಲಿನಲ್ಲಿ ಅನುಭವಿ ಇಯಾನ್ ಶೇನ್. ನಿರೀಕ್ಷೆ ಬಹಳ ಇತ್ತು. ಆಮೇಲೆ ಒಬ್ಬರ ಹಿಂದೊಬ್ಬರಿಗೆ ಗಾಯ, ಲೈನ್‌ಗಳು ವಾರವಾರಕ್ಕೂ ಬದಲು, ಗೆಲ್ಲಬೇಕಾದಲ್ಲಿ ಟೈ. ಲೀಗ್ ಪಟ್ಟಿಯಲ್ಲಿ ಮೊದಲ ನಾಲ್ಕರಲ್ಲೂ ಜಾಗ ಸಿಗಲಿಲ್ಲ. ಗಣಿತದ ದಾರಿ ಮುಚ್ಚಿತ್ತು. ಉಳಿದದ್ದು ಲೀಗ್ ಟೂರ್ನಿ ಗೆಲ್ಲುವುದೊಂದೇ. ಗಾಯಾಳುಗಳು ಮರಳಿದರು, ತಂಡ ಲೇಕ್ ಪ್ಲ್ಯಾಸಿಡ್‌ನ ಫೈನಲ್‌ನಲ್ಲಿ ಕ್ಲಾರ್ಕ್‌ಸನ್‌ ಅನ್ನು 3-1ರಿಂದ ಸೋಲಿಸಿತು. ರಾಷ್ಟ್ರೀಯ ಟೂರ್ನಿಯ ಮೊದಲ ಪಂದ್ಯದಲ್ಲೇ ಬಲಾಢ್ಯ ಮಿಷಿಗನ್ ಸ್ಟೇಟ್ ಎದುರು ಕೊನೆಯ ಸೆಕೆಂಡುಗಳ ಗೋಲಿನಿಂದ 4-3ರ ಗೆಲುವು. ಮುಂದಿನ ಪಂದ್ಯದಲ್ಲಿ ಬಾಸ್ಟನ್ ಯೂನಿವರ್ಸಿಟಿಗೆ ಅಧಿಕ ಸಮಯದಲ್ಲಿ 3-2ರಿಂದ ಸೋತಿತು. ಫ್ರೋಜನ್ ಫೋರ್‌ಗೆ ಒಂದು ಗೋಲು ಸಾಲಲಿಲ್ಲ. ತಂಡ ಮೊದಲಿಂದಲೂ ಒಳ್ಳೆಯದೇ ಇತ್ತು. ಆದರೆ ಶುರುವಿನಲ್ಲಿ ಕಳೆದ ಅಂಕಗಳಿಂದಾಗಿ, ಮಾರ್ಚ್‌ನಲ್ಲಿ ಲೀಗ್ ಟೂರ್ನಿ ಕೈತಪ್ಪಿದ್ದರೆ ಅದನ್ನು ತೋರಿಸುವ ಅವಕಾಶವೇ ಇರುತ್ತಿರಲಿಲ್ಲ.

ಈಗ ಅಳೆಯುವ ಕೆಲಸ ಇನ್ನೂ ಕಷ್ಟವಾಗಿದೆ. ಕೆನಡಾದಲ್ಲಿ ಹದಿಹರೆಯದವರು ಆಡುವ ಮೇಜರ್ ಜೂನಿಯರ್ ಲೀಗ್‌ಗಳಲ್ಲಿ ಆಡಿದವರಿಗೆ ಮೊದಲು ಅಮೆರಿಕದ ಕಾಲೇಜು ಹಾಕಿ ಬಾಗಿಲು ಮುಚ್ಚಿತ್ತು. 2024ರ ನವೆಂಬರ್‌ನಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಆ ನಿಯಮ ಬದಲಿಸಿತು, 2025ರ ಆಗಸ್ಟ್ 1ರಿಂದ ಅದು ಜಾರಿ. ಗ್ಯಾವಿನ್ ಮೆಕೆನಾ ಅಂಥ ದೊಡ್ಡ ಪ್ರತಿಭೆ ಕೆನಡಾದ ಮೆಡಿಸಿನ್ ಹ್ಯಾಟ್ ತಂಡ ಬಿಟ್ಟು ಪೆನ್ ಸ್ಟೇಟ್‌ಗೆ ಬಂದದ್ದು ಹೀಗೆ. ಎಷ್ಟೋ ತಂಡಗಳಲ್ಲಿ ಅರ್ಧ ಹೊಸ ಮುಖ. ಅಂಥಲ್ಲಿ ಹಿಂದಿನ ವರ್ಷದ ಅಂಕಿ ನೋಡಿ ಊಹಿಸುವ ದಾರಿ ಕೆಲಸಕ್ಕೆ ಬರುವುದಿಲ್ಲ. ಕಾರ್ನೆಲ್‌ನಲ್ಲೂ 2025-26ರಿಂದ ಹೊಸ ಕೋಚ್, ಕೇಸಿ ಜೋನ್ಸ್. ಇಂಥ ಕಡೆ ಮೊದಲ ಹತ್ತು ಪಂದ್ಯಕ್ಕೆ ಇನ್ನಷ್ಟು ತಾಳ್ಮೆ ಕೊಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಹಾಗಾಗಿ ನವೆಂಬರ್‌ನಲ್ಲಿ ನನ್ನ ಬಳಿ ಎರಡು ಪಟ್ಟಿ ಇರುತ್ತವೆ. ಒಂದರಲ್ಲಿ ತಂಡ ಹೇಗಿದೆ ಎಂಬುದು: ಐದಕ್ಕೈದು ಇದ್ದಾಗ ಶಾಟ್‌ಗಳ ಪಾಲು, ಪವರ್‌ಪ್ಲೇಯಲ್ಲಿ ಪಕ್‌ನ ಓಡಾಟ, ಮೊದಲ ವರ್ಷದ ಡಿಫೆಂಡರ್‌ಗಳು ಒತ್ತಡ ಬಂದಾಗ ಪಕ್ ಎಲ್ಲಿಗೆ ಕಳಿಸುತ್ತಾರೆ, ಮೂರನೇ ಮತ್ತು ನಾಲ್ಕನೇ ಲೈನ್ ಮಂಜಿನ ಮೇಲಿರುವಾಗ ಆಟ ಯಾವ ಕಡೆ ನಡೆಯುತ್ತದೆ. ಇನ್ನೊಂದರಲ್ಲಿ ತಂಡ ಎಷ್ಟು ಸಂಪಾದಿಸಿದೆ ಎಂಬುದು: ಹೊರಗಿನವರ ಎದುರು ಎಷ್ಟು ಗೆಲುವು, ಅದರಲ್ಲಿ ಹೊರ ಊರಿನವು ಎಷ್ಟು, ಲೀಗ್‌ನ ಉಳಿದ ಹನ್ನೊಂದು ತಂಡಗಳು ಹೊರಗೆ ಹೇಗೆ ಆಡಿವೆ. ಮೊದಲ ಪಟ್ಟಿ ಚೆನ್ನಾಗಿದ್ದು ಎರಡನೆಯದು ಬಡವಾಗಿದ್ದರೆ, ಈ ತಂಡ ಮುಂದೆ ಗೆಲ್ಲುತ್ತದೆ, ಆದರೆ ಲೀಗ್ ಟೂರ್ನಿಯನ್ನೇ ಗೆಲ್ಲಬೇಕಾಗಬಹುದು ಎಂದು ಬರೆದಿಡುತ್ತೇನೆ. ಎರಡನೆಯದು ತುಂಬಿದ್ದು ಮೊದಲನೆಯದು ಬಡವಾಗಿದ್ದರೆ ನನಗೆ ಜಾಸ್ತಿ ಚಿಂತೆ, ಪಟ್ಟಿಯಲ್ಲಿ ತಂಡ ಎಷ್ಟೇ ಮೇಲಿದ್ದರೂ. ಕ್ರಿಸ್‌ಮಸ್ ರಜೆಯ ಹೊತ್ತಿಗೆ ಕಾರ್ನೆಲ್ ಹನ್ನೆರಡರ ಆಸುಪಾಸು ಪಂದ್ಯ ಮುಗಿಸಿರುತ್ತದೆ. ಗೋಲ್‌ಕೀಪರ್ ಬಗ್ಗೆ ಮಾತಾಡಲು ನಾನು ಅಲ್ಲಿಯವರೆಗೆ ಕಾಯುತ್ತೇನೆ.